ರೈಟರ್ ದೇವೇಂದ್ರನ ನಲವತ್ಮೂರು ಓದುಗರು

ಜನವರಿಯ ಒಂದು ಗುರುವಾರ ಬೆಳಿಗ್ಗೆ, ಬಾಳೂರಿನ ಕಲ್ಲುಹಳ್ಳ ಎಸ್ಟೇಟಿನ ನೀರಿನ ಟ್ಯಾಂಕಿನ ಮೇಲೆ ನಿಂತು ಮೊಬೈಲ್ ನೋಡುತ್ತಿದ್ದ ದೇವೇಂದ್ರ ಕೆಳಗೆ ಬೀಳದೆ ಉಳಿದದ್ದು ಕೈಗೆ ಸಿಕ್ಕ ಪೈಪಿನ ದಯೆ. ಅವನ ಬ್ಲಾಗನ್ನು ಹಿಂದಿನ ದಿನ ನಲವತ್ಮೂರು ಜನ ಓದಿದ್ದರು.

ಟ್ಯಾಂಕ್ ಹತ್ತಲು ಕಾರಣವಿತ್ತು. ಕೆಲಸದವರ ಸಾಲುಮನೆಗಳಲ್ಲಿ ಒಂದಾದ ಅವನ ಲೈನ್ ಮನೆಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಬಂಗಲೆಯ ವೈಫೈ ಕಾಫಿ ಒಣಗಿಸುವ ಕಣದವರೆಗೆ ಬರುತ್ತಿತ್ತಾದರೂ ಎಸ್ಟೇಟಿನ ಒಡೆಯರಾದ ಸಾವ್ಕಾರ್ರ ಕಣ್ಣೂ ಅಲ್ಲಿಯವರೆಗೇ ಬರುತ್ತಿತ್ತು. ಹಾಗಾಗಿ ದಿನಾ ಏಳೂವರೆಗೆ ಟ್ಯಾಂಕ್ ಹತ್ತಿ ಹಿಂದಿನ ದಿನದ ಓದುಗರ ಸಂಖ್ಯೆ ನೋಡುವುದು, ‘ಸೊನ್ನೆ’ ಎಂದು ಓದಿಕೊಳ್ಳುವುದು, ಇಳಿಯುವುದು. ನಾಲ್ಕು ತಿಂಗಳಿಂದ ಇದೇ ವ್ಯಾಯಾಮ. ನಡುವೆ ಒಂದೆರಡು ದಿನ ‘ಒಂದು’ ಎಂದು ಬಂದಾಗ ಅವನು ಹಿಗ್ಗಿದ್ದ. ಆಮೇಲೆ ನೋಡಿದರೆ ಆ ಓದುಗ ಅವನೇ, ಆಫೀಸಿನ ಕಂಪ್ಯೂಟರಿನಿಂದ.

ದೇವೇಂದ್ರ ಆ ಎಸ್ಟೇಟಿನ ರೈಟರ್. ಇಪ್ಪತ್ತೆರಡು ವರ್ಷದಿಂದ ಎಲ್ಲರೂ ಅವನನ್ನು ‘ರೈಟ್ರು’ ಎಂದೇ ಕರೆಯುತ್ತಿದ್ದರು. ಆದರೆ ಅಷ್ಟೂ ವರ್ಷ ಅವನು ಬರೆದದ್ದು ಆಳುಗಳ ಹಾಜರಿ ಒಂದೇ. ಈ ಹೆಸರಿಗೆ ತಕ್ಕಂತೆ ಒಂದು ದಿನವಾದರೂ ಬದುಕಬೇಕು ಎಂಬ ಆಸೆ ಅವನನ್ನು ಒಳಗೊಳಗೇ ಕಾಫಿ ಬೀಜದ ಹುಳದ ಹಾಗೆ ಕೊರೆಯುತ್ತಿತ್ತು. ಸೆಪ್ಟೆಂಬರಿನಲ್ಲಿ ಮೂಡಿಗೆರೆಯ ಕಲ್ಯಾಣ ಮಂಟಪವೊಂದರಲ್ಲಿ ‘ಆನ್‌ಲೈನಿನಲ್ಲಿ ನಿಮ್ಮ ಗುರುತು’ ಎಂಬ ಒಂದು ದಿನದ ಶಿಬಿರ ನಡೆಯಿತು. ಟೈ ಕಟ್ಟಿದ ಯುವಕನೊಬ್ಬ ಮೈಕ್ ಹಿಡಿದು, “ಇಂಟರ್ನೆಟ್ಟಿನಲ್ಲಿ ಇಲ್ಲದವನು ಭೂಮಿಯ ಮೇಲೂ ಇಲ್ಲ” ಎಂದಾಗ ದೇವೇಂದ್ರ ಗಾಬರಿಯಿಂದ ತನ್ನ ಮೊಣಕೈ ಮುಟ್ಟಿ ನೋಡಿಕೊಂಡಿದ್ದ. ಅಂದೇ ಬ್ಲಾಗು, ಫೇಸ್‌ಬುಕ್ ಪೇಜು, ಇನ್‌ಸ್ಟಾಗ್ರಾಮು ಮೂರನ್ನೂ ತೆರೆದ. ಬ್ಲಾಗಿಗೆ ‘ಮಂಜಿನ ಮಾತು’ ಎಂದು ಹೆಸರಿಟ್ಟ. ಗಲ್ಲಕ್ಕೆ ಕೈಯಿಟ್ಟು ದೂರ ನೋಡುವ ಫೋಟೊ ಹಾಕಿದ. ಅವನು ದೂರದಲ್ಲಿ ನೋಡುತ್ತಿದ್ದದ್ದು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯನ್ನು. ಪೇಜಿಗೆ ಹನ್ನೊಂದು ಲೈಕ್ ಬಂದವು. ಅದರಲ್ಲಿ ಎಂಟು ಹೆಂಡತಿಯ ಕಡೆಯವರದು, ಕೊಡದಿದ್ದರೆ ಮಾತು ಬಿಟ್ಟಾನೆಂಬ ಭಯಕ್ಕೆ ಕೊಟ್ಟಿದ್ದು.

ಈಗ ಒಮ್ಮೆಲೇ ನಲವತ್ಮೂರು!

“ಯಾರಿರ್ಬಹುದು ಇವ್ರು?” ತಿಂಡಿಗೆ ಕೂತಾಗ ಹೆಂಡತಿ ಅಂಜನಮ್ಮನನ್ನು ಕೇಳಿದ.

“ನಾನಂತೂ ಅಲ್ಲ” ಎಂದಳು ಅಂಜನಮ್ಮ, ಕಡುಬಿನ ಪಾತ್ರೆಯ ಮುಚ್ಚಳ ತೆಗೆಯುತ್ತ. “ಅಷ್ಟು ಜನಕ್ಕೆ ಬೇರೆ ಕೆಲ್ಸ ಇಲ್ವಾ? ಕೊಯ್ಲಿಗೆ ಆಳಿಲ್ಲ ಅಂತ ಸಾವ್ಕಾರ್ರು ಒದ್ದಾಡ್ತಿದಾರೆ, ಅವ್ರನ್ನೇ ಕರ್ಕೊಂಡು ಬನ್ನಿ.”

ಬರಹಗಾರನಾದವನು ತನ್ನ ಓದುಗರನ್ನು ಅರಿಯಬೇಕು ಎಂದು ಶಿಬಿರದ ಯುವಕ ಹೇಳಿದ್ದ. ಓದುಗರನ್ನು ಅರಿಯಲು ದೇವೇಂದ್ರ ಅಂಗಿ ಗುಂಡಿ ಹಾಕಿಕೊಂಡು ಹೊರಟ.

ಮೊದಲು ಸಿಕ್ಕವನು ತಮ್ಮಯ್ಯ ಮೇಸ್ತ್ರಿ. ಕೊಯ್ಲಿನ ಹೆಂಗಸರ ಹಿಂದೆ ನಿಂತು ಗದರುತ್ತಿದ್ದ.

“ತಮ್ಮಯ್ಯ, ನಿನ್ನೆ ನಾನು ಬರ್ದಿದ್ದು ನೋಡಿದ್ಯಾ?” ಎಂದು ದೇವೇಂದ್ರ ಆದಷ್ಟು ಸಹಜವಾಗಿ ಕೇಳಿದ.

ಎಸ್ಟೇಟಿನಲ್ಲಿ ‘ರೈಟ್ರು ಬರ್ದ್ರು’ ಎನ್ನುವುದಕ್ಕೆ ಅರ್ಥ ಒಂದೇ, ಹಾಜರಿ ಪುಸ್ತಕದಲ್ಲಿ ಯಾರದೋ ತಪ್ಪು ದಾಖಲಾಯಿತು ಎಂದು. ತಮ್ಮಯ್ಯನ ಮುಖದ ರಕ್ತವೆಲ್ಲ ಕಾಲಿಗಿಳಿಯಿತು.

“ಬರ್ದೇಬಿಟ್ರಾ ರೈಟ್ರೇ? ಎಂಥ ಬರ್ದ್ರಿ?”

“ಮನಸ್ಸಿಗೆ ಬಂದಿದ್ದು ಬರ್ದೆ. ನಲವತ್ಮೂರು ಜನ ಓದಿದಾರೆ, ಗೊತ್ತಾ!”

“ನಲವತ್ಮೂರು ಜನಕ್ಕೆ ತೋರ್ಸಿದ್ರಾ?” ತಮ್ಮಯ್ಯನ ದನಿ ಬಿದ್ದುಹೋಯಿತು. “ನಿನ್ನೆ ಮೂರು ಗಂಟೆಗೇ ಹೋಗಿದ್ದು ನಿಜ ಮಾರಾಯ್ರೆ. ಭಾವನ ಮನೇಲಿ ಕೋಳಿ ಕುಯ್ದಿದ್ರು. ಅದಕ್ಕೆ ಊರಿಗೆಲ್ಲ ಹೇಳ್ಬೇಕಾ?”

“ಅಲ್ಲ ಮಾರಾಯ, ನಾನು ಹೇಳಿದ್ದು...”

ಅವನ ಮಾತು ಮುಗಿಯುವ ಮೊದಲೇ ಸಾಲಿನ ಆ ತುದಿಯವರೆಗೆ ಸುದ್ದಿ ಮುಟ್ಟಿತ್ತು: ರೈಟ್ರು ಎಲ್ಲರ ಗುಟ್ಟನ್ನೂ ಬರೆದು ಮೊಬೈಲಿಗೆ ಹಾಕಿದ್ದಾರಂತೆ. ಪಾಪಮ್ಮ ಗಿಡದ ಮರೆಯಿಂದ ಸರಕ್ಕನೆ ಹೊರಬಂದಳು. “ಅಯ್ಯಾ, ನನ್ನ ಚೀಲದ ಅಡೀಲಿ ಎಲೆ ಇತ್ತು ಅಂತ ಬರ್ದಿದ್ರೆ ಅಳಿಸ್ಬಿಡಿ. ನಾನೊಬ್ಳೇ ಅಲ್ಲ, ತೂಕಕ್ಕೆ ಎಲ್ರೂ ತುಂಬ್ಸಿದ್ರು.” ಉಳಿದ ಹೆಂಗಸರು ಪಾಪಮ್ಮನ ಮೇಲೆ ಬಿದ್ದರು. ಆ ಗಲಾಟೆಯಲ್ಲಿ ಇನ್ನೂ ಮೂರು ಗುಟ್ಟು ಹೊರಬಿದ್ದವು.

ದೇವೇಂದ್ರ ತಪ್ಪಿಸಿಕೊಂಡು ಗೇಟಿನ ಹತ್ತಿರದ ಕೃಷ್ಣಪ್ಪನ ಹೋಟೆಲಿಗೆ ಬಂದರೆ, ಸುದ್ದಿ ಅವನಿಗಿಂತ ಮೊದಲೇ ಬಂದು ಬೆಂಚಿನ ಮೇಲೆ ಕೂತಿತ್ತು. ಕೃಷ್ಣಪ್ಪ ಕೇಳದೆಯೇ ಎರಡು ಗೋಳಿಬಜೆ ತಂದಿಟ್ಟ. “ಹಾಲಿಗೆ ನೀರು ಎಲ್ಲ ಹೋಟ್ಲಲ್ಲೂ ಹಾಕ್ತಾರೆ ರೈಟ್ರೇ. ನಂದನ್ನೇ ಎತ್ತಿ ಬರೀಬೇಕಿತ್ತಾ?”

“ಕೃಷ್ಣಪ್ಪ, ನೀನು ಓದಿದ್ಯಾ ಅದನ್ನ?”

“ಓದ್ಲಿಲ್ಲ. ಓದಿದ್ರೆ ಬಜೆ ಕೊಡ್ತಿರ್ಲಿಲ್ಲ.”

ಇಪ್ಪತ್ತೆರಡು ವರ್ಷದಲ್ಲಿ ತಿಳಿಯದಿದ್ದ ಸಂಗತಿಗಳು ಹನ್ನೊಂದು ಗಂಟೆಯೊಳಗೆ ದೇವೇಂದ್ರನಿಗೆ ತಿಳಿದುಹೋದವು. ತಿಳಿಯದೇ ಉಳಿದದ್ದು ಒಂದೇ, ಆ ನಲವತ್ಮೂರು ಜನ ಯಾರು ಎಂಬುದು. ಬೈದವರಲ್ಲಿ, ಬೇಡಿಕೊಂಡವರಲ್ಲಿ, ಒಬ್ಬರೂ ಓದಿರಲಿಲ್ಲ.

ಹನ್ನೊಂದೂಕಾಲಿಗೆ ಸಾವ್ಕಾರ್ ಶಶಿಧರ್ ಗೌಡರ ಜೀಪು ಅವನ ಪಕ್ಕದಲ್ಲೇ ಬ್ರೇಕ್ ಹಾಕಿತು. ಗೌಡರು ಇಳಿದು ಅವನನ್ನು ಸಿಲ್ವರ್ ಓಕ್ ಮರದ ಮರೆಗೆ ಕರೆದೊಯ್ದರು.

“ಏನ್ರೀ ರೈಟ್ರೇ, ಎಸ್ಟೇಟಿನ ವಿಷ್ಯ ಎಲ್ಲ ಮೊಬೈಲಲ್ಲಿ ಬರೀತಿದೀರಂತೆ? ನಾಳೆಯಿಂದ ನಿಮ್ಗೆ ಕೆಲ್ಸ ಬೇಕಾ ಬೇಡ್ವಾ?”

“ಇಲ್ಲ ಸಾರ್, ಹಾಗೆಂಥದೂ...”

ಗೌಡರು ಆಚೀಚೆ ನೋಡಿ ದನಿ ತಗ್ಗಿಸಿದರು. “ಆ ಟೀ ವಿಷ್ಯ ಬರ್ದಿದೀರಾ?”

“ಯಾವ ಟೀ ಸಾರ್?”

“ಹೊಟ್ಟೆ ಉರಿ ಅಂತ ಡಾಕ್ಟ್ರು ಕಾಫಿ ಬಿಡಿಸಿ ಎರಡು ವರ್ಷ ಆಯ್ತು ಕಣ್ರೀ. ಬೆಳೆಗಾರರ ಸಭೇಲಿ ಹೋದ ವಾರ ತಾನೇ ಭಾಷಣ ಮಾಡಿ ಬಂದಿದೀನಿ, ದಿನಕ್ಕೆ ಆರು ಕಪ್ ನಮ್ಮನೆ ಕಾಫಿನೇ ನನ್ನ ಆರೋಗ್ಯದ ಗುಟ್ಟು ಅಂತ. ಹೊರಗೆ ಗೊತ್ತಾದ್ರೆ ತಲೆ ಎತ್ತೋಕಾಗುತ್ತಾ?”

ದೇವೇಂದ್ರ ಜೇಬಿನ ಮೊಬೈಲಿನ ಮೇಲೆ ಕೈಯಿಟ್ಟ. ಈಗ ಗೊತ್ತಾಯಿತು ಎಂದು ಹೇಳುವುದು ಕ್ಷೇಮವಲ್ಲ. ಜೇಬಿಗೆ ಕೈಯಿಟ್ಟದ್ದಕ್ಕೆ ಗೌಡರು ಬೇರೆಯೇ ಅರ್ಥ ಮಾಡಿಕೊಂಡು, “ನಡೀರಿ ಕಣಕ್ಕೆ. ಎಲ್ರ ಮುಂದೆ ಓದಿ. ಅದೇನು ಬರ್ದಿದೀರೋ ನೋಡೇಬಿಡೋಣ” ಎಂದರು.

ಸಿಪ್ಪೆ ಸುಲಿದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟ್, ಹರವಿದ್ದ ಕಣದ ಸುತ್ತ ಎಸ್ಟೇಟಿಗೆ ಎಸ್ಟೇಟೇ ಸೇರಿತು. ಕೃಷ್ಣಪ್ಪ ಹೋಟೆಲಿಗೆ ಬೀಗ ಹಾಕಿಕೊಂಡು ಬಂದಿದ್ದ. ದೇವೇಂದ್ರನಿಗೆ ಭಯವೂ ಆಯಿತು, ಒಳಗೊಳಗೆ ಖುಷಿಯೂ ಆಯಿತು. ತನ್ನ ಬರಹ ಕೇಳಲು ಅರವತ್ತು ಜನ ಉಸಿರು ಬಿಗಿಹಿಡಿದು ನಿಂತ ದಿನವನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ. ಗಂಟಲು ಸರಿಮಾಡಿಕೊಂಡು ಮೊಬೈಲು ಎತ್ತಿದ.

“ಮುಂಜಾನೆಯ ಮಂಜು ಬೆಟ್ಟದ ಮೇಲೆ ಬಿಳಿ ಶಾಲಿನಂತೆ ಮಲಗಿತ್ತು. ಓ ಮಂಜೇ, ನೀನು ಯಾರು? ಎಲ್ಲಿಂದ ಬಂದೆ?...”

ಜನ ಮುಂದಕ್ಕೆ ಬಾಗಿದರು. ಮಂಜು ಎಂದರೆ ಯಾರಿರಬಹುದು ಎಂದು ಮುಖ ಮುಖ ನೋಡಿಕೊಂಡರು. ಎರಡನೇ ಪ್ಯಾರಾದಲ್ಲಿ ಇಬ್ಬನಿ ಬಂತು. ಮೂರನೆಯದರಲ್ಲಿ ಮತ್ತೆ ಮಂಜೇ ಬಂತು. ಪಾಪಮ್ಮ ಬುಟ್ಟಿ ಎತ್ತಿಕೊಂಡು ಹೊರಟಳು, ಅವಳ ಹಿಂದೆ ಹೆಂಗಸರೆಲ್ಲ ಹೊರಟರು. ಓದು ಮುಗಿಸಿ ದೇವೇಂದ್ರ ತಲೆಯೆತ್ತಿದಾಗ ಕಣದಲ್ಲಿ ಉಳಿದದ್ದು ಗೌಡರು, ತಮ್ಮಯ್ಯ, ಕೃಷ್ಣಪ್ಪ ಮತ್ತು ಕಾಫಿ ಕಾಯುವ ನಾಯಿ.

“ಇದ್ರಲ್ಲಿ ಯಾರೂ ಇಲ್ವಲ್ರೀ!” ಎಂದರು ಗೌಡರು, ಹಗುರಾಗಿ.

“ಮಂಜು ಇದೆ ಸಾರ್.”

“ಅದು ದಿನಾ ಇರುತ್ತೆ. ಇದನ್ನ ದುಡ್ಡು ಕೊಟ್ರೂ ಯಾರೂ ಓದಲ್ಲ. ಮತ್ತೆ ಆ ನಲವತ್ಮೂರು ಜನ ಯಾರ್ರೀ?”

ಕೆಲಸ ಉಳಿಯಿತು, ಆದರೆ ಕುತೂಹಲ ಈಗ ನಾಲ್ವರಿಗೂ ಹತ್ತಿತು. ಹೊರಗಿನ ದೇಶದವರಿರಬೇಕು ಎಂದ ತಮ್ಮಯ್ಯ. ಪೊಲೀಸರಿರಬೇಕು ಎಂದ ಕೃಷ್ಣಪ್ಪ. ಅಷ್ಟರಲ್ಲಿ ಬಂಗಲೆಯ ವೈಫೈ ಹಿಡಿದ ಮೊಬೈಲು ‘ಟಿಣ್’ ಎಂದಿತು. ನಾಲ್ಕು ತಿಂಗಳಲ್ಲಿ ಬಂದ ಮೊದಲ ಕಾಮೆಂಟು. ಗೌಡರು ಮೊಬೈಲು ಕಸಿದುಕೊಂಡು ತಾವೇ ಓದಿದರು:

“ಸರ್, ನಿಮ್ಮ ಬರಹ ನಮ್ಮ ಹತ್ತನೇ ತರಗತಿಯ ಮಕ್ಕಳಿಗೆ ತುಂಬ ಉಪಯುಕ್ತವಾಗಿದೆ. ನಿನ್ನೆ ನಲವತ್ಮೂರು ಮಕ್ಕಳೂ ಓದಿದರು. ದಯವಿಟ್ಟು ಒಮ್ಮೆ ಕಳಸ ರಸ್ತೆಯ ನಮ್ಮ ಪ್ರೌಢಶಾಲೆಗೆ ಬನ್ನಿ. ಸೌಂದರ್ಯ, ಕನ್ನಡ ಶಿಕ್ಷಕಿ.”

ಗೌಡರು ದೇವೇಂದ್ರನ ಬೆನ್ನಿಗೆ ಹೊಡೆದ ಪೆಟ್ಟಿಗೆ ಅವನು ಪಾರ್ಚ್‌ಮೆಂಟಿನ ಮೇಲೆ ಎರಡು ಹೆಜ್ಜೆ ಹೋದ. “ಪಾಠ ಆಗ್ಬಿಟ್ರಲ್ರೀ! ನಮ್ಮ ಎಸ್ಟೇಟಿನ ರೈಟ್ರು ಮಕ್ಕಳಿಗೆ ಪಾಠ! ಹತ್ತಿ ಜೀಪು.”

ದೇವೇಂದ್ರ ಮನೆಗೆ ಓಡಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ಗೌಡರೇ ಜೀಪು ಓಡಿಸಿದರು. ತಮ್ಮಯ್ಯನೂ ಕೃಷ್ಣಪ್ಪನೂ ಹಿಂದೆ ಕೂತು ದಾರಿಯಲ್ಲಿ ಸಿಕ್ಕವರಿಗೆಲ್ಲ ಕೂಗಿ ಹೇಳುತ್ತ ಬಂದರು. ಪ್ರತಿ ತಿರುವಿನಲ್ಲೂ ದೇವೇಂದ್ರ ತನ್ನ ಭಾಷಣಕ್ಕೆ ಒಂದು ವಾಕ್ಯ ಸೇರಿಸಿಕೊಂಡ. ಆ ದಾರಿಯಲ್ಲಿ ತಿರುವು ಬಹಳ.

ಸೌಂದರ್ಯ ಟೀಚರು ಬಾಗಿಲಿಗೇ ಬಂದು ಎದುರುಗೊಂಡರು. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು, ಕಣ್ಣಿನಲ್ಲಿ ನಿಜವಾದ ಸಂತೋಷ. “ಇಷ್ಟು ಬೇಗ ಬರ್ತೀರಿ ಅಂದ್ಕೊಂಡಿರ್ಲಿಲ್ಲ ಸರ್!” ತರಗತಿಯ ನಲವತ್ಮೂರು ಮಕ್ಕಳೂ ಎದ್ದು ನಿಂತು, “ನಮಸ್ತೇ ಸಾ...ರ್” ಎಂದರು. ಯಾರೋ ದಾನಿಗಳು ಕೊಟ್ಟ ಪುಟ್ಟ ಟ್ಯಾಬ್‌ಗಳು ಎಲ್ಲರ ಡೆಸ್ಕಿನ ಮೇಲೂ ಇದ್ದವು. ಎಲ್ಲದರಲ್ಲೂ ದೇವೇಂದ್ರ ಗಲ್ಲಕ್ಕೆ ಕೈಯಿಟ್ಟು ದೂರ ನೋಡುತ್ತಿದ್ದ. ಅವನ ಕಣ್ಣು ತುಂಬಿ ಬಂತು.

ಕಣ್ಣೊರೆಸಿಕೊಂಡು ನೋಡಿದರೆ, ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದಿತ್ತು: ‘ಕೆಳಗಿನ ಬರಹದಲ್ಲಿರುವ ಕಾಗುಣಿತದ ತಪ್ಪುಗಳನ್ನು ತಿದ್ದಿ ಬರೆಯಿರಿ.’

“ಪರೀಕ್ಷೆಗೆ ಇಂಥ ಅಭ್ಯಾಸ ಎಲ್ಲೂ ಸಿಗ್ತಿರ್ಲಿಲ್ಲ ಸರ್” ಎಂದರು ಟೀಚರು, ಒಂದಿಷ್ಟೂ ವ್ಯಂಗ್ಯವಿಲ್ಲದೆ. “ಪುಸ್ತಕದಲ್ಲಿ ಹುಡುಕಿದ್ರೆ ಪುಟಕ್ಕೆ ಒಂದೋ ಎರಡೋ ತಪ್ಪು. ನಿಮ್ಮದ್ರಲ್ಲಿ ಸಾಲಿಗೆ ಎರಡು. ಅಲ್ಪಪ್ರಾಣ, ಮಹಾಪ್ರಾಣ, ಒತ್ತಕ್ಷರ, ಯಾವ್ದನ್ನೂ ಬಿಟ್ಟಿಲ್ಲ!”

ಗೌಡರು ಹತ್ತಿರದ ನೋಟ್‌ಬುಕ್ ಎತ್ತಿಕೊಂಡು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದರು. “ಕಾಫಿ ಗಿಡಗಳ ಮದ್ಯದಲ್ಲಿ ನಿಂತು ನಾನು ಜಗತ್ತನ್ನೇ ಮರೆತೆ.” ‘ಮದ್ಯ’ದ ಕೆಳಗೆ ಕೆಂಪು ಗೆರೆ ಇತ್ತು. ಗೌಡರ ಹೊಟ್ಟೆ ಕುಣಿಯತೊಡಗಿತು. “ಮದ್ಯದಲ್ಲಿ ನಿಂತ್ರೆ ಯಾರಾದ್ರೂ ಜಗತ್ತು ಮರೀತಾರೆ ರೈಟ್ರೇ!”

ಮಕ್ಕಳು ನಕ್ಕರು. ಕೃಷ್ಣಪ್ಪ ಗೋಡೆಗೆ ಮುಖ ಮಾಡಿ ನಕ್ಕ. ತಮ್ಮಯ್ಯನಿಗೆ ವಿಷಯ ಅರ್ಥವಾಗದಿದ್ದರೂ ಮೂರು ಗಂಟೆಯ ಲೆಕ್ಕ ತೀರಿತೆಂದು ಎಲ್ಲರಿಗಿಂತ ಹೆಚ್ಚು ನಕ್ಕ. ದೇವೇಂದ್ರ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಭಾಷಣ ಒಂದು ಅಕ್ಷರವೂ ಉಳಿಯದೆ ಆರಿಹೋಗಿತ್ತು. ಏನಾದರೂ ಹೇಳಲೇಬೇಕಿತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

“ಬೇಕಂತ್ಲೇ ಬರ್ದಿದ್ದು ಮೇಡಂ. ಮಕ್ಳಿಗೆ ಉಪಯೋಗ ಆಗ್ಲಿ ಅಂತ.”

ನಗು ನಿಂತಿತು. ಟೀಚರು ಕೈ ಜೋಡಿಸಿದರು. “ನಾನೂ ಹಾಗೇ ಅಂದ್ಕೊಂಡೆ ಸರ್! ಇಷ್ಟೊಂದು ತಪ್ಪು ಗೊತ್ತಿಲ್ದೆ ಮಾಡೋಕೆ ಸಾಧ್ಯಾನೇ ಇಲ್ಲ. ಹಾಗಾದ್ರೆ ಒಂದು ಉಪಕಾರ ಮಾಡಿ. ನಾಳೆ ಕಿರುಪರೀಕ್ಷೆ. ಸರಿಯಾಗಿ ಹತ್ತೇ ಹತ್ತು ತಪ್ಪು ಇಟ್ಟು ಒಂದು ಪುಟ ಬರೀರಿ. ಆ ಹತ್ತರ ಪಟ್ಟಿನೂ ನಂಗೆ ಕಳಿಸ್ಬಿಡಿ, ತಿದ್ದೋಕೆ ಸುಲಭ ಆಗುತ್ತೆ.”

“ಅದಕ್ಕೇನು” ಎಂದ ದೇವೇಂದ್ರ. ಗೌಡರು ಅವನನ್ನೇ ನೋಡುತ್ತಿದ್ದರು.

ಸಂಜೆ ಅವನು ಆಫೀಸಿನ ಮೇಜಿಗೆ ಕೂತ. ಬರೆಯುವುದಕ್ಕಿಂತ ತಪ್ಪು ಬರೆಯುವುದು ಇಷ್ಟು ಕಷ್ಟ ಎಂದು ಅವನಿಗೆ ತಿಳಿದಿರಲಿಲ್ಲ. ಒಂದು ಪದ ಬರೆದು, ಇದು ಸರಿಯೋ ತಪ್ಪೋ ಎಂದು ಐದು ನಿಮಿಷ ದಿಟ್ಟಿಸಿದ. ದಿಟ್ಟಿಸಿದಷ್ಟೂ ಕನ್ನಡವೆಲ್ಲ ಅನುಮಾನಾಸ್ಪದವಾಗಿ ಕಾಣತೊಡಗಿತು. ಚಹಾ ತಂದ ಅಂಜನಮ್ಮ, “ದಿನಾ ಬರೆಯೋ ಹಾಗೇ ಬರೀರಿ, ಸಾಕು” ಎಂದು ಲೋಟ ಇಟ್ಟು ಹೋದಳು. ದೇವೇಂದ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ‘ವಿಧ್ಯಾರ್ಥಿ’ ಎಂದು ಬರೆದಿದ್ದನ್ನು ಎಚ್ಚರಿಕೆಯಿಂದ ಕೆಡಿಸಿ ‘ವಿದ್ಯಾರ್ಥಿ’ ಮಾಡಿದ. ‘ವಿಶಿಷ್ಠ’ವನ್ನು ಕೆಡಿಸಿ ‘ವಿಶಿಷ್ಟ’ ಮಾಡಿದ. ಹೀಗೆ ಹತ್ತು ಪದ ಹಾಳುಮಾಡಿ, ಪಟ್ಟಿ ತಯಾರಿಸಿ, ಉಳಿದದ್ದನ್ನು ಮೂರು ಸಲ ಓದಿ ಶುದ್ಧವಾಗಿದೆ ಎಂದು ಖಾತ್ರಿ ಮಾಡಿಕೊಂಡು ಎರಡನ್ನೂ ಕಳಿಸಿದ. ಕಿರುಪರೀಕ್ಷೆಯ ವಿಷಯ ಎಸ್ಟೇಟಿಗೆಲ್ಲ ಗೊತ್ತಿತ್ತು. ಫಲಿತಾಂಶ ತಮಗೂ ತೋರಿಸಬೇಕೆಂದು ಗೌಡರು ಹೇಳಿ ಕಳಿಸಿದ್ದರು.

ಮರುದಿನ ಮಧ್ಯಾಹ್ನ ಗೌಡರು, ತಮ್ಮಯ್ಯ, ಕೃಷ್ಣಪ್ಪ ಮೂವರೂ ಕಣದಲ್ಲಿ ಸುತ್ತ ನಿಂತಿದ್ದಾಗಲೇ ಟೀಚರ ಕಾಮೆಂಟು ಬಂತು. ಈ ಸಲವೂ ಗೌಡರೇ ಓದಿದರು.

“ಸರ್, ಧನ್ಯವಾದಗಳು. ನೀವು ಪಟ್ಟಿ ಮಾಡಿ ಕಳಿಸಿದ ಹತ್ತು ತಪ್ಪುಗಳಲ್ಲಿ ಆರು ತಪ್ಪೇ ಅಲ್ಲ, ಸರಿಯಾದ ಪದಗಳೇ. ಅವುಗಳ ಹೊರತಾಗಿ ಮಕ್ಕಳು ಇನ್ನೂ ಇಪ್ಪತ್ತೇಳು ತಪ್ಪು ಹುಡುಕಿದ್ದಾರೆ. ಮಾರ್ಚ್ ಪರೀಕ್ಷೆಯವರೆಗೆ ದಯವಿಟ್ಟು ನಿಲ್ಲಿಸಬೇಡಿ.”