ಮಾರಿ ಇಲ್ಲದ ಮಾವನವರು

ಇದ್ದದ್ದನ್ನು ಇದ್ದ ಹಾಗೆ ತೆಗೆಯುವ ಫೋಟೊಗ್ರಾಫರುಗಳು ನನಗಿಂತ ಸುಖವಾಗಿದ್ದಾರೆ ಎಂದು ನನ್ನ ನಂಬಿಕೆ. ಮದುವೆ, ಜಾವಳ, ಆಧಾರ್ ಕಾರ್ಡು ಯಾವುದೇ ಇರಲಿ, ಮೂಗಿದ್ದಲ್ಲಿ ಮೂಗು, ಕಿವಿಯಿದ್ದಲ್ಲಿ ಕಿವಿ ಬಂತೋ, ಅವರು ಗೆದ್ದರು. ಜಮಖಂಡಿಯ ಒಂದು ಕಚೇರಿಯಲ್ಲಿ ಟಪಾಲು ನೋಡಿಕೊಂಡು ಸುಮ್ಮನಿರಬಹುದಾಗಿದ್ದ ನಾನು, ನಲವತ್ತೈದು ದಾಟಿದ ಮೇಲೆ ಕ್ಯಾಮೆರಾ ಕೊಂಡೆ. ಕೊಂಡವನು ಕಣ್ಣಿಗೆ ಕಂಡದ್ದನ್ನಲ್ಲ, ಮನಸ್ಸಿಗೆ ಅನಿಸಿದ್ದನ್ನು ತೆಗೆಯುತ್ತೇನೆ ಎಂದು ಹಟ ಹಿಡಿದೆ. ಹಿಪ್ಪರಗಿ ಬ್ಯಾರೇಜಿನ ನೀರನ್ನು ಶಟರ್ ಬಹಳ ಹೊತ್ತು ತೆರೆದಿಟ್ಟು ತೆಗೆದಾಗ ಅದು ಮಂಜಿನ ಹಾಗೆ ಬಂತು. ನಾನು ಹಿಗ್ಗಿದೆ. ನಮ್ಮ ಹೆಡ್ ಕ್ಲಾರ್ಕ್ ನೋಡಿ, "ಎಲ್ಲಿ ಬೆಂಕಿ ಬಿದ್ದಿತ್ರೀ ಇದು? ಯಾರಿಗೂ ಏನೂ ಆಗಿಲ್ಲಲ್ಲ?" ಎಂದು ಕಾಳಜಿಯಿಂದ ಕೇಳಿದರು.

ಅವರದು ಹೋಗಲಿ. ಮುಧೋಳದಲ್ಲಿ ನನ್ನ ಹೆಂಡತಿಯ ತಮ್ಮನ ಮದುವೆಯಾದಾಗ ಉಳಿದವರೆಲ್ಲ ವಧೂವರರನ್ನು ತೆಗೆದರೆ, ನಾನು ಗಾಳಿಯಲ್ಲಿ ಹಾರುತ್ತಿದ್ದ ಅಕ್ಷತೆಯನ್ನು ತೆಗೆದೆ. ಮಾವ ಶಿವಲಿಂಗಪ್ಪನವರು ಒಂದೊಂದೇ ಚಿತ್ರ ನೋಡಿ, "ಅಳಿಯಂದ್ರು ಅಕ್ಕಿ ಛಲೋ ತಗದಾರ" ಎಂದರು. ಆಮೇಲೆ ಆರು ತಿಂಗಳು ನನ್ನ ಜೊತೆ ಮಳೆ ಬಿಸಿಲಿನ ಹೊರತು ಬೇರೆ ಮಾತಾಡಲಿಲ್ಲ.

ಅಂಥ ಮಾವನವರೇ ಒಂದು ದಿನ ತಾವಾಗಿ, "ನಂದೊಂದು ತಗೀರಿ, ಮಗ್ಗದ ಮುಂದ" ಎಂದರು. ಬನಹಟ್ಟಿಯ ಅವರ ಮನೆಯ ಮುಂಭಾಗದಲ್ಲಿ ನಾಲ್ಕು ಕರೆಂಟಿನ ಮಗ್ಗಗಳಿವೆ. ವಯಸ್ಸು ಎಪ್ಪತ್ತಾದರೂ ನಾಲ್ಕರ ನಡುವೆ ಅವರೇ ಓಡಾಡುತ್ತಾರೆ. ಅಂದು ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟು, ತಲೆಗೆ ಪಟಗಾ ಸುತ್ತಿ, ಉಸಿರು ಬಿಗಿಹಿಡಿದು ನಿಂತರು. ಹತ್ತು ಫೋಟೊ ತೆಗೆದೆ. ಹತ್ತರಲ್ಲೂ ಅವರು ಯಾರಿಗೋ ಹೆದರಿ ನಿಂತವರ ಹಾಗೆ ಕಂಡರು. ಹನ್ನೊಂದನೆಯದಕ್ಕೆ ಶಟರ್ ನಿಧಾನ ಮಾಡಿ ಗುಂಡಿ ಒತ್ತಿದ್ದೇ ತಡ, ಹಿಂದಿನ ಮಗ್ಗದಲ್ಲಿ ಒಂದು ಎಳೆ ಹರಿಯಿತು. "ತಡೀರಿ!" ಎಂದವರೇ ಅತ್ತ ಧಾವಿಸಿದರು. ಶಟರ್ ಇನ್ನೂ ತೆರೆದೇ ಇತ್ತು. ಚಿತ್ರದಲ್ಲಿ ಬಿಗಿದ ನೂಲಿನ ಸಾಲು, ಹರಿದ ಎಳೆಯನ್ನು ಹಿಡಿದ ಎರಡು ಬೆರಳು ಕೆತ್ತಿದಂತೆ ಬಂದವು. ಉಳಿದ ಮಾವನವರು ಬರೀ ಒಂದು ಬಿಳಿಯ ಗಾಳಿ. ಮುಖ ಇರಬೇಕಾದಲ್ಲಿ ಕಿಟಕಿಯ ಬೆಳಕು ಹಾದುಹೋಗಿತ್ತು.

ಹತ್ತನ್ನೂ ಬಿಟ್ಟು ಆ ಹನ್ನೊಂದನೆಯದನ್ನೇ ಜಮಖಂಡಿಯಲ್ಲಿ ನಡೆಯಲಿದ್ದ ಛಾಯಾಚಿತ್ರ ಪ್ರದರ್ಶನಕ್ಕೆ ಕಳಿಸಿದೆ. ಆಯ್ಕೆಯಾಯಿತು. ನನ್ನ ಹೆಂಡತಿ ಮಹಾದೇವಿ ಚಿತ್ರ ನೋಡುವ ಮೊದಲೇ ತವರಿಗೆ ಫೋನ್ ಹಚ್ಚಿ, "ಅಪ್ಪಾ, ನಿನ್ನ ಫೋಟೊ ಬಾಗಲದಷ್ಟು ದೊಡ್ಡದು ಮಾಡಿ ಹಾಕ್ಯಾರಂತ" ಎಂದಳು. ಸಂಜೆಯೊಳಗೆ ಅವರ ಓಣಿಗೆಲ್ಲ ಸುದ್ದಿ. ಭಾನುವಾರ ಒಂದು ಗಾಡಿ ಮಾಡಿಕೊಂಡು ಹನ್ನೊಂದು ಮಂದಿ ಬರುವುದೆಂದು ಗೊತ್ತಾಯಿತು. ಶನಿವಾರ ಮಾವನವರೇ ಫೋನ್ ಮಾಡಿದರು.

"ಅಳಿಯಂದ್ರ, ಮಾರಿ ಛಲೋ ಬಂದೈತಿಲ್ರೀ?"

"ಬೆಳಕು ಭಾಳ ಛಲೋ ಬಂದೈತ್ರೀ ಮಾವಾರ."

"ಬೆಳಕ ಬಿಡ್ರಿ. ಮಾರಿ?"

"ಆ ಬೆಳಕು ಮಾರಿ ಮ್ಯಾಲೇ ಐತ್ರೀ."

ಸುಳ್ಳಲ್ಲ, ಆದರೆ ಫೋನ್ ಇಟ್ಟವನೇ ಚಪ್ಪಲಿ ಮೆಟ್ಟಿದೆ. ಓಡಿಹೋಗಿ ಪ್ರದರ್ಶನ ನಡೆಸುತ್ತಿದ್ದ ನಿವೃತ್ತ ಡ್ರಾಯಿಂಗ್ ಮಾಸ್ತರರನ್ನು ಕಂಡೆ. ಚಿತ್ರದ ಕೆಳಗೆ ಅವರೇ ಕೊಟ್ಟ ಶೀರ್ಷಿಕೆಯ ಚೀಟಿ ಅಂಟಿಸಿದ್ದರು: 'ಗೈರುಹಾಜರಿ'. "ಸರ, ಹೆಸರಾದ್ರೂ ಬದಲಿ ಮಾಡ್ರಿ. ಮನಿಷ್ಯಾ ಜೀವಂತ ಅದಾರ, ನಾಳೆ ಬರಾಕತ್ತಾರ" ಎಂದೆ. "ಅದ ಇದರ ಜೀವ ರೀ!" ಎಂದು ಅವರು ಬೆನ್ನು ತಟ್ಟಿದರು. ಇನ್ನುಳಿದದ್ದು ಕರೆಂಟು ಒಂದೇ. ದಿನಕ್ಕೆರಡು ಸಲ ಹೋಗುವ ಕರೆಂಟು ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಹೋಗಲೆಂದು ಬೇಡಿಕೊಂಡೆ. ಅವತ್ತು ಅದು ಮಿಣುಕಲೂ ಇಲ್ಲ.

ಬಂದರು. ಹೊಸ ಪಟಗಾ ಸುತ್ತಿದ್ದ ಮಾವನವರು ಮುಂದೆ, ಹಿಂದೆ ಓಣಿ. ಗೋಡೆಯುದ್ದಕ್ಕೂ ತಮ್ಮನ್ನು ಹುಡುಕುತ್ತ ತಮ್ಮ ಚಿತ್ರದ ಮುಂದೆಯೇ ಎರಡು ಸಲ ಹಾದುಹೋದರು. ಮೂರನೆಯ ಸಲ ನಾನೇ ಬೆರಳು ತೋರಿಸಬೇಕಾಯಿತು. ಪಕ್ಕದ ಮನೆಯವರೊಬ್ಬರು ಚೀಟಿಯನ್ನು ಗಟ್ಟಿಯಾಗಿ ಓದಿದರು, "ಗೈರುಹಾಜರಿ."

"ಯಾರು ಗೈರುಹಾಜರಿ?" ಮಾವನವರ ಧ್ವನಿ ಸಣ್ಣಗಾಯಿತು. "ಜ್ವರಾ ಬಂದಾಗೂ ಮಗ್ಗ ಬಿಟ್ಟಾಂವಲ್ಲ ನಾ. ಅಳಿಯಂದ್ರ, ನಾ ಎಲ್ಲಿ ಅದೇನ್ರಿ ಇದರಾಗ?"

ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರಿಗೆ ಅವಮಾನವಾಗಿತ್ತು, ತಾವೇ ಕರೆತಂದ ಮಂದಿಯ ಮುಂದೆ. ನಾನು ಚಲನೆ, ಕಾಲ, ಅಸ್ತಿತ್ವ ಎಂದೇನೋ ತೊದಲತೊಡಗಿದೆ. ಅಷ್ಟರಲ್ಲಿ ಅತ್ತೆ ಗಂಗವ್ವನವರು ಮಂದಿಯನ್ನು ಸರಿಸಿ ಮುಂದೆ ಬಂದರು. ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಇವರೇ ಇದು," ಎಂದರು. "ಲಗ್ನ ಆಗಿ ಬಂದಾಗಿಂದ ಇವರನ್ನ ನಾ ಹಿಂಗ ನೋಡೇನಿ. ಉಣ್ಣಾಕ ಕರದ್ರ ಹಿಂಗ ಹ್ವಾದ್ರು, ಮಾತಾಡಸಾಕ ಹ್ವಾದ್ರ ಹಿಂಗ ಬಂದ್ರು. ಕಣ್ಣಿಗೆ ಕಂಡದ್ದು ಬಿಳೇ ಧೋತರ ಅಷ್ಟ. ಎಳಿ ಹರದ್ರ ಮಾತ್ರ ಒಂದ ಕಡೆ ನಿಂದರತಿದ್ರು."

ಮಾವನವರು ಚಿತ್ರ ನೋಡಿದರು, ಅತ್ತೆಯವರನ್ನು ನೋಡಿದರು. "ಹಂಗನ?" ಎಂದರು.

"ಹಂಗ ರೀ," ಎಂದರು ಅತ್ತೆ. ಅದರಲ್ಲಿ ದೂರೇನೂ ಇರಲಿಲ್ಲ.

ಆಮೇಲೆ ಎಲ್ಲರೂ ಎದುರಿನ ಹೋಟೆಲಿಗೆ ಚಹಾಕ್ಕೆ ಹೋದೆವು. ಮಾವನವರು ಗಂಡಸರ ಮೇಜು ಬಿಟ್ಟು ಬಂದು ಅತ್ತೆಯವರ ಎದುರು ಕುಳಿತರು. ಅತ್ತೆ ಚಹಾ ಆರಿಸಿಕೊಂಡು ಕುಡಿಯುವವರು, ಬಹಳ ಹೊತ್ತು ಬೇಕು. ಮುಗಿಯುವವರೆಗೂ ಮಾವನವರು ಅಲುಗಾಡದೆ ಕುಳಿತಿದ್ದರು. ನನ್ನ ಕೈ ಕ್ಯಾಮೆರಾದತ್ತ ಹೋಯಿತು. ಯಾಕೋ ಹಿಂದೆ ತೆಗೆದುಕೊಂಡೆ. ಗಾಡಿ ಹತ್ತುವಾಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ನಿಮಗ ಇದೆಲ್ಲಾ ಹೆಂಗ ತಿಳೀತ್ರೀ?" ಎಂದು ಕೇಳಿದರು. ನನಗೆ ಒಂದೂ ತಿಳಿದಿರಲಿಲ್ಲ. ತಿಳಿದವನ ಹಾಗೆ ತಲೆಯಾಡಿಸಿದೆ.

ಅಲ್ಲಿಗೆ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಮರುದಿನ ಧಾರವಾಡದ ಕಡೆಯಿಂದ ಬಂದ ಕಲಾರಸಿಕರೊಬ್ಬರು ಚಿತ್ರದ ಮುಂದೆ ನಿಂತು, ಇದರ ಹಿಂದಿನ ಚಿಂತನೆ ಏನು ಎಂದು ಕೇಳಿದರು. ನಾನು ದೂರ ನೋಡುತ್ತ, ತಗ್ಗಿದ ದನಿಯಲ್ಲಿ, "ದುಡಿಮೆಯಲ್ಲಿ ಮುಳುಗಿದ ಮನುಷ್ಯ ತನ್ನವರಿಗೆ ಬರೀ ಬಿಳಿ ಗೆರೆಯಾಗಿ ಕಾಣುತ್ತಾನೆ. ಎಳೆ ಹರಿದಾಗ ಮಾತ್ರ ನಿಲ್ಲುತ್ತಾನೆ" ಎಂದೆ. ಅವರು ಬೆರಗಾಗಿ ಚೀಲದಿಂದ ವಹಿ ತೆಗೆದು, ನನ್ನ ಹೆಸರು ಕೇಳಿ ಬರೆದು, ಅದರ ಕೆಳಗೆ ಆ ಮಾತನ್ನೂ ಬರೆದುಕೊಳ್ಳತೊಡಗಿದರು.

ಹಿಂದೆ ಮಹಾದೇವಿ ನಿಂತದ್ದು ನನಗೆ ಗೊತ್ತಿರಲಿಲ್ಲ.

"ಅದನ್ನ ನಿನ್ನೆ ನಮ್ಮವ್ವ ಹೇಳಿದ್ದಲ್ಲೇನ್ರೀ?" ಎಂದಳು.

ರಸಿಕರು ತಲೆಯೆತ್ತಿ ನನ್ನನ್ನೊಮ್ಮೆ ನೋಡಿದರು. ನನ್ನ ಹೆಸರಿನ ಮೇಲೆ ನೀಟಾಗಿ ಒಂದು ಗೆರೆ ಎಳೆದು, "ಅವ್ವಾರ ಹೆಸರು ಏನಂದ್ರಿ?" ಎಂದು ಅವಳ ಕಡೆ ತಿರುಗಿದರು.