ನಾಲ್ಕು ತಾಲೂಕಿಗೆ ಒಬ್ಬ ಫಾದರ್

ನಾಲ್ಕು ತಾಲೂಕು, ಒಬ್ಬ ಫಾದರ್, ಒಂದು ಮೋಟರ್ ಸೈಕಲ್ಲು. ಇಷ್ಟಿದ್ದ ಮೇಲೆ ವಾರಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ. ಏನೂ ಆಗದ ವಾರ ಗಾಡಿ ಕೆಟ್ಟು ನಿಂತಿರುತ್ತದೆ.

ನಾನು ಜಮಖಂಡಿಯವನು, ಸಾಲಿ ಮಾಸ್ತರಕಿ ಮಾಡಿ ನಿವೃತ್ತನಾದವನು. ನಮ್ಮದು ಅಜ್ಜನ ಕಾಲದಿಂದ ಕ್ಯಾಥೋಲಿಕ ಮನೆತನ. ನಿವೃತ್ತಿಯಾದ ಮರುವಾರವೇ ನನ್ನನ್ನು ಉಪದೇಶಿ ಮಾಡಿದರು. ಮಕ್ಕಳಿಗೆ ಧರ್ಮಪಾಠ ಹೇಳುವುದು, ಫಾದರ್ ಬರಲಾಗದ ಊರಲ್ಲಿ ಪ್ರಾರ್ಥನೆ ನಡೆಸುವುದು ಉಪದೇಶಿಯ ಕೆಲಸ ಎಂದು ಪುಸ್ತಕದಲ್ಲಿದೆ. ನನ್ನ ಮಟ್ಟಿಗೆ ಅದು ಫಾದರನ್ನು ಹಿಂದೆ ಕೂರಿಸಿಕೊಂಡು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತುವುದು. ನಮ್ಮವರು ಒಂದೂರಲ್ಲಿ ಮೂರು ಮನೆ ಇದ್ದರೆ ಇನ್ನೊಂದೂರಲ್ಲಿ ಒಂದೇ ಮನೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದು, ದಾರಿ ಬಿಡುವಷ್ಟರಲ್ಲಿ ಇಬ್ಬರೂ ಇಡೀ ಜಪಸರ ಹೇಳಿ ಮುಗಿಸಿದ ದಿನಗಳಿವೆ.

ಮೊದಲ ಪ್ರವಚನ

ಈಗಿನ ಫಾದರ್ ಕರಾವಳಿ ಕಡೆಯವರು. ವಯಸ್ಸು ಚಿಕ್ಕದು, ಓದು ದೊಡ್ಡದು. ಅವರ ಕನ್ನಡ ಅಚ್ಚಾದ ಪುಸ್ತಕದ ಹಾಗೆ, ಒಂದು ಒತ್ತಕ್ಷರವೂ ಬಿಟ್ಟುಹೋಗುವುದಿಲ್ಲ. ಬಂದ ಮೊದಲ ಭಾನುವಾರ ಪಶ್ಚಾತ್ತಾಪದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಜನ ಅಲ್ಲಾಡದೆ ಕೂತು ಕೇಳಿದರು. ಫಾದರಿಗೆ ಖುಷಿಯಾಯಿತು.

ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು, ಹೊರಗೆ ಬರುತ್ತಿದ್ದ ಒಬ್ಬ ಹಿರಿಯರನ್ನು ಪ್ರವಚನ ಹೇಗಿತ್ತು ಎಂದು ಕೇಳಿದರು. ಇವರು ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವರು, ಸುಳ್ಳು ಹೇಳುವ ರೂಢಿ ಇಲ್ಲ.

“ಭಾಳ ಛಲೋ ಇತ್ರಿ ಫಾದರ್,” ಅಂದರು. “ಕನ್ನಡದಾಗ ಹೇಳಿದ್ರ ಇನ್ನೂ ಛಲೋ ಆಗತಿತ್ತು.”

ಒಂದಕ್ಷರದ ಮಾತು

ಅಂದಿನಿಂದ ಫಾದರ್ ನಮ್ಮ ಮಾತು ಕಲಿಯಲು ನಿಂತರು. ಸಂಜೆ ಬಸ್ ಸ್ಟ್ಯಾಂಡಿನ ಎದುರಿಗಿನ ಚಹಾದಂಗಡಿಯಲ್ಲಿ ಕೂತು, ಆಟೋದವರು ಮಾತಾಡುವುದನ್ನು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ‘ಆತು’ ಬಂತು, ‘ಖರೆ’ ಬಂತು, ‘ಲಗೂನ’ ಬಂತು. ಗೆಳೆಯರು ಹೆಗಲ ಮೇಲೆ ಕೈ ಹಾಕಿಕೊಂಡು ಮಾತಿಗೊಮ್ಮೆ ‘ಲೇ’ ಅನ್ನುವುದನ್ನೂ ಗಮನಿಸಿದರು. ಇದು ಪ್ರೀತಿಯ ಮಾತು ಎಂದು ಬರೆದುಕೊಂಡರು. ಆ ಪುಟವನ್ನು ನನಗೆ ತೋರಿಸಲಿಲ್ಲ.

ಆಗ ನಮ್ಮ ಸಮಾಧಿ ಜಾಗದ ಗೋಡೆ ಬಿದ್ದಿತ್ತು. ಆಡುಗಳು ಒಳಗೆ ಬಂದು ಗೋರಿಗಳ ಮೇಲೆ ಹತ್ತಿ ನಿಲ್ಲುತ್ತಿದ್ದವು. ಮಳೆಗಾಲಕ್ಕೆ ಮುಂಚೆ ಗೋಡೆ ಕಟ್ಟದಿದ್ದರೆ ಮಣ್ಣೂ ಕೊಚ್ಚಿಹೋಗುವಂತಿತ್ತು. ಪರವಾನಗಿಯ ಕಾಗದ ಒಂದು ಕಚೇರಿಯಲ್ಲಿ ತಿಂಗಳುಗಟ್ಟಲೆ ಕೂತಿತ್ತು. ಅಲ್ಲಿನ ಸಾಹೇಬರು ಬಿಗಿ ಮನುಷ್ಯರು, ಬಂದವರ ಮುಖ ನೋಡಿ ಮಾತಾಡುವವರಲ್ಲ. ನಾನೂ ಫಾದರೂ ಹೋದ ದಿನ ಮಾತ್ರ, ಬಿಳಿ ನಿಲುವಂಗಿ ಕಂಡು ಎದ್ದು ನಿಂತು, ಬರ್ರಿ ಕುಂದ್ರರಿ ಅಂದರು.

ಫಾದರಿಗೆ ಮನಸ್ಸು ತುಂಬಿಬಂತು. ತಾವೂ ಪ್ರೀತಿ ತೋರಿಸಬೇಕು ಅನ್ನಿಸಿತು. “ಮೊದಲ ನೀ ಕುಂದ್ರ ಲೇ,” ಅಂದರು.

ಚಹಾ ತಂದಿದ್ದ ಸಿಪಾಯಿ ಬಾಗಿಲಲ್ಲೇ ನಿಂತ. ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. ಸಾಹೇಬರು ಚಷ್ಮಾ ತೆಗೆದು, ಏನಂದ್ರಿ ಎಂದು ಕೇಳಿದರು. ಕೇಳಿಸಿಲ್ಲವೆಂದುಕೊಂಡು ಫಾದರ್ ಇನ್ನೂ ಸ್ವಲ್ಪ ಗಟ್ಟಿಯಾಗಿ, ಇನ್ನೂ ಸ್ವಲ್ಪ ಪ್ರೀತಿಯಿಂದ ಅದನ್ನೇ ಹೇಳಿದರು.

ಸಾಹೇಬರು ಕೂತರು. ಚಷ್ಮಾವನ್ನು ಮೇಜಿನ ಮೇಲಿಟ್ಟರು. ಆಮೇಲೆ ಅಂದರು: “ನಮ್ಮಪ್ಪ ಹೋಗಿ ಹನ್ನೊಂದು ವರ್ಷ ಆತ್ರಿ. ಅವತ್ತಿನಿಂದ ನನಗ ಲೇ ಅಂದಾವ್ರು ಯಾರೂ ಇಲ್ಲ. ಎಲ್ಲಾರೂ ಈ ಕುರ್ಚಿ ಜೋಡಿ ಮಾತಾಡ್ತಾರ.” ಕಾಗದ ತರಿಸಿ ನಮ್ಮೆದುರಿಗೇ ಸಹಿ ಮಾಡಿದರು. ಚಹಾ ಕುಡಿಸಿ ಬಾಗಿಲವರೆಗೂ ಬಂದು ಕಳಿಸಿದರು.

ಹೊರಗೆ ಬಂದ ಮೇಲೆ ಫಾದರ್, ಈ ಪದಕ್ಕೆ ಇಷ್ಟು ಶಕ್ತಿಯಿದೆ ಎಂದು ಗೊತ್ತಿರಲಿಲ್ಲ, ಬಿಷಪ್ಪರ ಹತ್ತಿರವೂ ಬಳಸಬಹುದೇ ಎಂದು ಕೇಳಿದರು. ಆಗ ನಾನು ಅದರ ಅರ್ಥ ಹೇಳಿದೆ. ಫಾದರ್ ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಕರೆಂಟ್ ಹೋದಾಗ

ರಬಕವಿಯ ಒಂದು ಓಣಿಯಲ್ಲಿ ನೇಕಾರರೊಬ್ಬರ ಪಡಸಾಲೆಯೇ ನಮಗೆ ಚರ್ಚು. ಈಸ್ಟರಿಗೆ ಮುಂಚಿನ ನಲವತ್ತು ದಿನ ನಮಗೆ ತಪಸ್ಸುಕಾಲ. ಆಗ ಎಲ್ಲರೂ ತಮ್ಮ ಪಾಪಗಳನ್ನು ಗುರುಗಳ ಕಿವಿಯಲ್ಲಿ ಹೇಳಿ ಕ್ಷಮೆ ಕೇಳಬೇಕು. ಅವತ್ತು ಫಾದರ್ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಜನ ಸಾಲು ಹಚ್ಚಿದ್ದರು. ಎರಡೂ ಕಡೆಯ ಗೋಡೆಗೆ ಹತ್ತಿಕೊಂಡೇ ಪವರ್‌ಲೂಮಿನ ಶೆಡ್ಡುಗಳು. ಆ ಸದ್ದಿನಲ್ಲಿ ಪಕ್ಕದವರು ಕೂಗಿದರೂ ಕೇಳಿಸುವುದಿಲ್ಲ. ಪಾಪ ಹೇಳಿಕೊಳ್ಳಲು ಇದಕ್ಕಿಂತ ಗುಟ್ಟಿನ ಜಾಗ ರೋಮಿನಲ್ಲೂ ಇರಲಿಕ್ಕಿಲ್ಲ.

ಮನೆಯ ಯಜಮಾನನೇ ಮೊದಲು ಹೋಗಿ ಮೊಣಕಾಲೂರಿದ. ಮೂವತ್ತು ವರ್ಷ ಮಗ್ಗದ ಮುಂದೆ ನಿಂತು ಅವನ ಕಿವಿ ಮಂದವಾಗಿದೆ. ಊಟಕ್ಕೆ ಕೂತು ಉಪ್ಪು ಕೇಳಿದರೂ ಬೀದಿಗೆ ಕೇಳಿಸುತ್ತದೆ. ಕಣ್ಣು ಮುಚ್ಚಿ, ಕೈ ಮುಗಿದು ಹೇಳತೊಡಗಿದ. ನಮಗೆ ಬರೀ ತುಟಿ ಅಲ್ಲಾಡುವುದು ಕಾಣುತ್ತಿತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಟ್ಟಿಗೇ ನಿಂತವು. ಆ ಮೌನದಲ್ಲಿ ಅವನ ಮಾತು ಮೈಕಿನಲ್ಲಿ ಬಂದಂತೆ ಬಂತು.

“ಅತ್ತಿ ಬರ್ತೇನಿ ಅಂತ ಫೋನ್ ಮಾಡಿದಾಗೆಲ್ಲ ಬಸ್ ಬಂದ್ ಅದಾವು ಅಂತ ಸುಳ್ಳ ಹೇಳೇನ್ರಿ. ಒಂದ ಸಲ ಹೊಳಿ ಬಂದೈತಿ ಅಂತನೂ ಹೇಳೇನಿ. ಬ್ಯಾಸಿಗ್ಯಾಗ.”

ಫಾದರ್ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಅವನ ಕಣ್ಣು ಮುಚ್ಚಿತ್ತು. ಇನ್ನೂ ಎರಡು ಮೂರು ಹೇಳಿದ. ಅವು ಸಣ್ಣವು, ಯಾರೂ ಲಕ್ಷ್ಯ ಕೊಡಲಿಲ್ಲ. ಎಲ್ಲರೂ ಸಾಲಿನಲ್ಲಿ ಎರಡನೆಯವಳಾಗಿ ನಿಂತಿದ್ದ ಅವನ ಹೆಂಡತಿಯನ್ನು ನೋಡುತ್ತಿದ್ದರು. ಫಾದರ್ ಪಿಸುಮಾತಿನಲ್ಲಿ ಪ್ರಾಯಶ್ಚಿತ್ತ ಹೇಳಿದರು. ಅವನು ಖಾತ್ರಿ ಮಾಡಿಕೊಳ್ಳಲು, ಪರಲೋಕ ಮಂತ್ರ ಮೂರ ಸಲ ಏನ್ರಿ, ಎಂದು ಎಲ್ಲರಿಗೂ ಕೇಳುವಂತೆ ಕೇಳಿದ.

ಹೆಂಡತಿಯ ಸರದಿ ಬಂತು. ಆಕೆ ಮೊಣಕಾಲೂರಲಿಲ್ಲ. “ನನ್ನ ಪಾಪ ಆಮ್ಯಾಲ ಹೇಳ್ತೇನ್ರಿ ಫಾದರ್. ಅವ್ರಿಗೆ ಕೊಟ್ಟದ್ದು ಕಡಿಮಿ ಆತು,” ಅಂದಳು.

ಉಳಿದದ್ದನ್ನು ಆಕೆಯೇ ಕೊಟ್ಟಳು. ಅದೇ ವಾರ ಆಕೆಯ ತಾಯಿ ಬಂದರು, ಬಸ್ಸಿನಲ್ಲೇ. ಈಸ್ಟರ್ ಮುಗಿಯುವ ತನಕ ಇದ್ದರು.

ಪಾಪನಿವೇದನೆ ಆಕಸ್ಮಿಕವಾಗಿ ಕಿವಿಗೆ ಬಿದ್ದರೂ ಹೊರಗೆ ಹೇಳಬಾರದೆಂಬುದು ನಮ್ಮ ನಿಯಮ. ಹಾಗಾಗಿ ಇದನ್ನು ಬರೆಯಲು ಅವನ ಪರವಾನಗಿ ತೆಗೆದುಕೊಂಡಿದ್ದೇನೆ. ಅದನ್ನೂ ಅವನು ಇಡೀ ಓಣಿಗೆ ಕೇಳುವಂತೆ ಕೊಟ್ಟ.

ಬಿಷಪ್ಪರ ಕೋಲು

ರನ್ನ ಬೆಳಗಲಿಯ ಆಚೆ ಒಂದು ಹಳ್ಳಿಯಲ್ಲಿ ನಮ್ಮವರ ಎರಡು ಮನೆಗಳಿವೆ. ಆ ಮನೆಗಳ ಮಕ್ಕಳಿಗೆ ವಿಶ್ವಾಸ ದೃಢಪಡಿಸುವ ಸಂಸ್ಕಾರ ಕೊಡಲು ಬಿಷಪ್ಪರು ಬಂದರು. ಅಂಗಳದಲ್ಲಿ ಪೆಂಡಾಲ್ ಹಾಕಿದ್ದೆವು. ಎರಡು ಮನೆಯವರಿಗೆಂದು ಹಾಕಿದ್ದ ಪೆಂಡಾಲಿಗೆ ಇಡೀ ಊರು ಬಂತು. ಬಿಷಪ್ಪರ ಕಿರೀಟ ನೋಡಲು ಹೆಂಗಸರು, ಮೈಕಿಗಾಗಿ ಮಕ್ಕಳು. ಬೀರೇಶ್ವರನ ಭಕ್ತರಾದ ಒಬ್ಬ ಅಜ್ಜ ಕಂಬಳಿ ಹೊದ್ದು ಮುಂದಿನ ಸಾಲಿನಲ್ಲೇ ಕೂತರು. ಹುಟ್ಟಿನಿಂದ ಕುರಿ ಕಾಯ್ದವರು.

ಬಿಷಪ್ಪರು ಕಳೆದುಹೋದ ಕುರಿಯ ಕಥೆ ಹೇಳಿದರು. ನೂರು ಕುರಿಯಿದ್ದವನ ಒಂದು ಕುರಿ ತಪ್ಪಿಸಿಕೊಂಡಿತು. ಅವನು ಉಳಿದ ತೊಂಬತ್ತೊಂಬತ್ತನ್ನು ಅಡವಿಯಲ್ಲೇ ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋದ. ಇದನ್ನು ನಲವತ್ತು ನಿಮಿಷ ವಿವರಿಸಿದರು. ಅಜ್ಜ ಒಂದು ಮಾತೂ ಬಿಡದೆ ಕೇಳಿದರು. ಆಗಾಗ ತಲೆ ಅಲ್ಲಾಡಿಸುತ್ತಿದ್ದರು, ಹೌದು ಅಂತಲ್ಲ.

ಪೂಜೆ ಮುಗಿದ ಮೇಲೆ ಅಜ್ಜ ನೇರವಾಗಿ ಬಂದು, ಬಿಷಪ್ಪರು ಹಿಡಿದಿದ್ದ ಕೋಲನ್ನು ನೋಡಲು ಕೇಳಿದರು. ಅದು ಕುರಿ ಕಾಯುವವರ ಕೋಲಿನ ಗುರುತು, ತುದಿ ಬಾಗಿರುತ್ತದೆ, ಹಿತ್ತಾಳೆಯದು. ಬಿಷಪ್ಪರು ಸಂತೋಷದಿಂದ ಕೊಟ್ಟರು. ಅಜ್ಜ ಅದನ್ನು ಎತ್ತಿ, ತೂಗಿ, ಒಮ್ಮೆ ಬೀಸಿ ನೋಡಿ ವಾಪಸ್ ಕೊಟ್ಟರು. ಜಾಲಿ ಟೊಂಗೆ ಜಗ್ಗಲು ನಡೆಯುತ್ತದೆ, ಕುರಿ ತಿರುಗಿಸಲು ತೂಕ ಹೆಚ್ಚಾಯಿತು ಅಂದರು.

ಆಮೇಲೆ ಕೇಳಿದರು: “ಆ ತೊಂಬತ್ತೊಂಬತ್ತು ಕುರಿ ಯಾರ ಕಡೆ ಬಿಟ್ಟು ಹ್ವಾದ್ರಿ ಅಂವಾ?”

ಬಿಷಪ್ಪರು ಸ್ವಲ್ಪ ಯೋಚಿಸಿ, ಅದನ್ನು ಬರೆದಿಲ್ಲ ಅಂದರು.

ಅಜ್ಜ ಅಲ್ಲೇ ಕೂತು ಒಂದು ಸಂಗತಿ ಹೇಳಿದರು. ಹರೆಯದಲ್ಲಿ ಹಿಂಡು ಹೊಡೆದುಕೊಂಡು ದೂರ ಹೋಗಿದ್ದಾಗ, ಹೊಳೆಯ ದಂಡೆಯಲ್ಲಿ ಒಂದು ಮರಿ ಹಿಂದೆ ಉಳಿಯಿತಂತೆ. ಇವರು ಅದನ್ನು ತರಲು ಹೊರಟಾಗ ಅಪ್ಪ ರಟ್ಟೆ ಹಿಡಿದು ನಿಲ್ಲಿಸಿದನಂತೆ. ತೋಳಗಳಿದ್ದ ಜಾಗ, ಹಿಂಡು ಬಿಡುವಂತಿರಲಿಲ್ಲ. ಮರಿ ಒದರುವುದು ಬಹಳ ದೂರದ ತನಕ ಕೇಳುತ್ತಿತ್ತಂತೆ. ಈಗಲೂ ಒಮ್ಮೊಮ್ಮೆ ಕೇಳುತ್ತದೆ ಅಂದರು.

“ಹಿಂಡ ಬಿಟ್ಟು ಒಂದರ ಹಿಂದ ಹ್ವಾದಾಂವ ಕುರಿ ಕಾಯಾಂವ ಅಲ್ರಿ,” ಅಂದರು ಅಜ್ಜ. “ಅಂವಾ ದೇವ್ರ ಇರಬೇಕು.”

ಬಿಷಪ್ಪರು ಜೇಬಿನಿಂದ ಪೆನ್ನು ತೆಗೆದು ಇದನ್ನು ಬರೆದುಕೊಂಡರು. ತಾವು ನಲವತ್ತು ನಿಮಿಷ ಹೇಳಿದ್ದು ಇದನ್ನೇ ಅಂದರು.

ಅಜ್ಜ ಊಟದ ಕಡೆ ನೋಡಿದರು. “ನನ್ನ ಮೊದಲ ಕೇಳಿದ್ರ ಸಾರು ಆರತಿರಲಿಲ್ಲ,” ಅಂದರು.

ಅಜ್ಜಿಯ ಪೆಟಗಿ

ಬೀಳಗಿ ತಾಲೂಕಿನಲ್ಲಿ ನಮ್ಮವರ ಪೈಕಿ ಒಬ್ಬ ಅಜ್ಜಿ ಇದ್ದಾರೆ. ಊರು ಹಿನ್ನೀರಿನಲ್ಲಿ ಮುಳುಗಿದ ಮೇಲೆ ಹೊಸ ಊರಿಗೆ ಬಂದವರು. ಎಂಬತ್ತು ದಾಟಿ ಎಷ್ಟೋ ಆಯಿತು. ಕೆಲವು ವರ್ಷಗಳ ಹಿಂದೆ ಅವರು ಹಾಸಿಗೆ ಹಿಡಿದರು. ಕಡೆಯ ಗಳಿಗೆ ಎಂದು ಮಗ ಫೋನ್ ಮಾಡಿದ. ನಾವು ಹೋದೆವು. ಫಾದರ್ ಪ್ರಾರ್ಥನೆ ಹೇಳಿ, ರೋಗಿಗಳಿಗೆ ಹಚ್ಚುವ ಪವಿತ್ರ ತೈಲವನ್ನು ಹಣೆಗೂ ಕೈಗೂ ಹಚ್ಚಿದರು. ಅಜ್ಜಿ ಕಣ್ಣು ಬಿಟ್ಟು ಚಹಾ ಕೇಳಿದರು. ಮರುವಾರ ಹೊಲಕ್ಕೆ ಹೋದರು. ಪಕ್ಕದ ಮನೆಯವರು ಬಂದು, ಆ ಎಣ್ಣಿ ಒಂದೀಟು ನಮ್ಮ ಎಮ್ಮಿಗೂ ಹಚ್ಚತೀರೇನು ಎಂದು ಕೇಳಿದರು.

ಮರುವರ್ಷ ಮತ್ತೆ ಫೋನ್ ಬಂತು. ಈ ಸಲ ಖರೆ ಅಂದ ಮಗ. ಗೋವಾದಿಂದ, ಪುಣೆಯಿಂದ ಬೀಗರು ಬಂದಿದ್ದರು. ಶವಪೆಟ್ಟಿಗೆ ಮಾಡುವವರು ಆ ಕಡೆ ಯಾರೂ ಇಲ್ಲವೆಂದು ಮಗ ಮುಂಚೆಯೇ ಅಳತೆ ಕೊಟ್ಟು ಜಮಖಂಡಿಯಲ್ಲಿ ಮಾಡಿಸಿ, ಟೆಂಪೋದಲ್ಲಿ ತರಿಸಿ ಪಡಸಾಲೆಯಲ್ಲಿ ಇಡಿಸಿದ್ದ. ಫಾದರ್ ಮತ್ತೆ ತೈಲ ಹಚ್ಚಿದರು. ಹೆಂಗಸರು ಅಳತೊಡಗಿದರು. ಎರಡು ದಿನ ಅಜ್ಜಿ ಅಲ್ಲಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎದ್ದು ಕೂತು, ಪೆಟ್ಟಿಗೆ ಕಡೆ ಕೈ ತೋರಿಸಿ, ಅದು ಯಾರದು ಎಂದು ಕೇಳಿದರು.

ಅಜ್ಜಿ ನಿಧಾನವಾಗಿ ಹೋಗಿ ಹಲಗೆಯನ್ನು ಬೆರಳಿನಿಂದ ಬಡಿದು ನೋಡಿದರು. ಕಟಗಿ ಛಲೋ ಐತಿ ಅಂದರು. ಮಗ ವಾಪಸ್ ಕೊಡಲು ಹೋದರೆ, ಬಡಿಗೇರ ಆ ಅಳತೆಯವರು ಬೇರೆ ಯಾರೂ ಇಲ್ಲ ಅಂದನಂತೆ.

ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ನಾವು ಆ ಮನೆಗೆ ಹೋದೆವು. ಅಜ್ಜಿ ತಾವೇ ರೊಟ್ಟಿ ಬಡಿದು ಬಿಸಿಬಿಸಿ ಹಾಕಿದರು. ಫಾದರ್ ಎರಡು ತಿಂದು, ಮೂರನೆಯದನ್ನು ಮುರಿಯುತ್ತ, ಆ ಪೆಟ್ಟಿಗೆ ಏನಾಯಿತು ಎಂದು ಮೆಲ್ಲಗೆ ಕೇಳಿದರು. ಅಜ್ಜಿ ಒಳಗೆ ಕರೆದುಕೊಂಡು ಹೋದರು. ಮೂಲೆಯಲ್ಲಿ, ಕೌದಿ ಹೊದಿಸಿಕೊಂಡು, ಅದು ಇತ್ತು. ಅಜ್ಜಿ ಕೌದಿ ಸರಿಸಿ, ಶಿಲುಬೆ ಕೆತ್ತಿದ ಮುಚ್ಚಳ ಎತ್ತಿದರು. ಅಂಚಿನ ತನಕ ಬಿಳಿಜೋಳ, ಮೇಲೆ ಬೇವಿನ ಎಲೆ.

“ಒಂದ ಇಲಿ ಒಳಗ ಹೊಕ್ಕಿಲ್ಲ ನೋಡ್ರಿ,” ಅಂದರು.

ಫಾದರ್ ಕೈಯಲ್ಲಿದ್ದ ತುಂಡನ್ನು ನೋಡಿದರು. ಗುರುಗಳು ಅನ್ನ ಚೆಲ್ಲುವಂತಿಲ್ಲ. ಶಿಲುಬೆಯ ಗುರುತು ಮಾಡಿಕೊಂಡು ತಿಂದರು. ಆಮೇಲೆ, ಮಾತನ್ನು ಹೇಗೆ ಎತ್ತಬೇಕೆಂದು ತಿಳಿಯದೆ ತಡವರಿಸಿ, ಮುಂದೆ ಒಂದು ದಿನ ಬೇಕಾದಾಗ ಏನು ಮಾಡುವಿರಿ ಎಂದು ಕೇಳಿದರು.

“ಅದ ಚಿಂತಿ ನೋಡ್ರಿ ನನಗೂ,” ಅಂದರು ಅಜ್ಜಿ. “ಅವತ್ತ ಇಷ್ಟು ಜ್ವಾಳ ಎಲ್ಲಿ ಹಾಕ್ತಾರ? ಅದಕ್ಕ ದೇವ್ರಿಗೆ ಹೇಳಿಬಿಟ್ಟೇನಿ, ಜ್ವಾಳ ತೀರಿದ ಮ್ಯಾಲ ಬರ್ತೇನಿ ಅಂತ.”

ಫಾದರಿಗೆ ಕಣ್ಣು ತುಂಬಿತು. ಎಂಥ ವಿಶ್ವಾಸ ಎಂದು ಅಜ್ಜಿಯ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು. ಅಜ್ಜಿ ತಲೆ ಬಾಗಿಸಿ ತೆಗೆದುಕೊಂಡರು. ಮುಚ್ಚಳ ಹಾಕಿ, ಕೌದಿ ಸರಿಮಾಡಿ, ಗೋಡೆಯ ಮೇಲಿನ ದೇವರ ಪಟದ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಸಣ್ಣ ದನಿಯಲ್ಲಿ ಅಂದರು:

“ತೀರಾಕ ನಾ ಬಿಡಂಗಿಲ್ಲ.”