ಟವೆಲಿನ ಕೆಳಗಿನ ಕ್ರಿಯಾಟಿನಿನ್

ರಾಣೆಬೆನ್ನೂರಿನ ನಮ್ಮ ಲ್ಯಾಬಿನಲ್ಲಿ ಸೂಜಿ ಹಿಡಿದು ಕೂತ ನನಗೆ ನಗಲು ಟಿ.ವಿ. ಬೇಕಾಗಿಲ್ಲ, ರಕ್ತ ಕೊಡಲು ಬರುವವರೇ ಸಾಕು. ಅವರಲ್ಲೂ ಹಲಗೇರಿಯ ದನದ ದಲ್ಲಾಳಿಯೊಬ್ಬರು ಬಂದರೆ ಹಬ್ಬ. ಎತ್ತಿನ ಹಲ್ಲು ನೋಡಿ ಅದರ ಜಾತಕವನ್ನೇ ಹೇಳುವ ಮನುಷ್ಯ. ಕಿಡ್ನಿ ಸೋತು, ಔಷಧ ನಾಟಿತೋ ಇಲ್ಲವೋ ತಿಳಿಯಲು ಆಗಾಗ ರಕ್ತ ಕೊಡಬೇಕಾಗಿತ್ತು.

ಚೌಕಾಸಿ

ಮೊದಲ ರಿಪೋರ್ಟಿನ ದಿನ ಹೇಳಿದೆ: "ಕ್ರಿಯಾಟಿನಿನ್ ಮೂರು ಐತ್ರಿ. ಕಿಡ್ನಿ ಸೋತಂಗ ಇದು ಏರತೈತಿ."

ಅವರು ಅತ್ತಿತ್ತ ನೋಡಿ, ಹೆಗಲ ಮೇಲಿನ ಟವೆಲ್ ನನ್ನ ಕೈಮೇಲೆ ಹಾಸಿ, ಒಳಗೆ ಎರಡು ಬೆರಳು ಒತ್ತಿದರು. ಸಂತೆಯಲ್ಲಿ ಎತ್ತಿನ ರೇಟನ್ನು ಪಕ್ಕದವರಿಗೆ ತಿಳಿಯದಂತೆ ಕುದುರಿಸುವುದು ಹೀಗೆಯೇ.

"ಇಷ್ಟಕ್ಕ ಮುಗಸ್ರಿ."

"ಇದು ನನ್ನ ಕೈಯಾಗ ಇಲ್ರಿ, ಯಜಮಾನ್ರ."

"ಹಂಗಾರ ಮಾಲಕರನ್ನ ಕರೀರಿ. ಟವೆಲ್ ಹಿಂಗ ಇರ್ಲಿ."

ಎಮ್ಮೆ

ಒಳಗಿದ್ದ ಡಾಕ್ಟರು ಬಂದು ತಾಳ್ಮೆಯಿಂದ ತಿಳಿಸಿದರು: "ಕ್ರಿಯಾಟಿನಿನ್ ಇಳೀಬೇಕು, ಹಿಮೋಗ್ಲೋಬಿನ್ ಏರಬೇಕು. ಆವಾಗ ಔಷಧ ನಾಟೈತಿ ಅಂತ ಅರ್ಥ."

ದಲ್ಲಾಳಿ ಯೋಚಿಸಿದರು. "ಅಂದ್ರ ಮೇವು ಇಳೀಬೇಕು, ಹಾಲು ಏರಬೇಕು. ಅಂಥಾ ಎಮ್ಮಿ ಹಾವೇರಿ ಸಂತಿಗೆ ಇನ್ನೂ ಬಂದಿಲ್ರಿ, ಸಾಹೇಬ್ರ."

ರಂಜಕ

ಅವರ ಹೆಂಡತಿಯ ತವರು ಬ್ಯಾಡಗಿ. ಅಲ್ಲಿಂದ ವರ್ಷವರ್ಷವೂ ಹಸಿ ಕೆಂಪು ಮೆಣಸಿನಕಾಯಿ ರುಬ್ಬಿದ ರಂಜಕ ಜಾಡಿಗಟ್ಟಲೆ ಬರುತ್ತಿತ್ತು. ಅದರಲ್ಲಿ ಉಪ್ಪು ಬಹಳ ಎಂದು ಡಾಕ್ಟರು ನಿಲ್ಲಿಸಿದ್ದರು. ಬರೀ ರೊಟ್ಟಿ ತಿಂದು ಅವರ ಮುಖ ಸಪ್ಪಗಾಗಿತ್ತು. ಖರೇ ಹೇಳುತ್ತೇನೆ, ನನಗೂ ಕೆಡುಕೆನಿಸಿತ್ತು.

ಕೊನೆಗೆ ಡಾಕ್ಟರೇ ಕರಗಿದರು. "ಈ ಸಲ ಕ್ರಿಯಾಟಿನಿನ್ ಇಳದಿದ್ರ, ರವಿವಾರಕ್ಕೊಮ್ಮೆ ಒಂದು ಚೂರು ನಾಲಿಗಿಗೆ ಹಚ್ಚಿಕೊಳ್ರಿ."

ನಾನು ರಜೆಯಲ್ಲಿದ್ದ ದಿನ ದಲ್ಲಾಳಿ ರಕ್ತ ಕೊಟ್ಟು ಹೋದರಂತೆ. ರಿಪೋರ್ಟು ನೋಡಿದರೆ ಮೂರಿದ್ದದ್ದು ಐದು! ಡಾಕ್ಟರು ಗಾಬರಿಯಾದರು. "ಔಷಧ ನಾಟಿಲ್ಲ. ಇನ್ನ ಡಯಾಲಿಸಿಸ್ ವಿಚಾರ ಮಾಡಬೇಕು."

ದಲ್ಲಾಳಿ ಬೆವರಿದರು. "ಆ ರಕ್ತ ನಂದಲ್ರಿ, ನನ್ನ ತಮ್ಮಂದು. ಅಂವಾ ಒಂದಿನಾನೂ ಜಡ್ಡು ಅಂತ ಮಲಗಿದಾಂವಲ್ಲ. ಅದಕ್ಕ ನನ್ನ ಹೆಸರಲೆ ಅವನ್ನ ಕುಂದ್ರಿಸಿದ್ದೆ."

ಅಲ್ಲೇ ಅವರ ರಕ್ತ ತೆಗೆದು ನೋಡಿದೆ. ಎರಡಕ್ಕೆ ಇಳಿದಿತ್ತು, ಟವೆಲಿನ ಕೆಳಗೆ ಕೇಳಿದ ರೇಟಿಗೇ. ರಂಜಕಕ್ಕೆ ಅಪ್ಪಣೆ ಸಿಕ್ಕಿತು.

ತಮ್ಮನಿಗೆ ಮಾತ್ರ ಅಂದಿನಿಂದಲೇ ಔಷಧ, ಪಥ್ಯ, ಬರೀ ರೊಟ್ಟಿ. ಈಗ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ತಮ್ಮ ಅಣ್ಣನನ್ನು ದುರುಗುಟ್ಟಿ ನೋಡುತ್ತಿರುತ್ತಾನೆ. ಮೊನ್ನೆ ದಲ್ಲಾಳಿ ನನ್ನ ಕಿವಿಯ ಹತ್ತಿರ ಬಾಗಿ ನಿಟ್ಟುಸಿರು ಬಿಟ್ಟರು:

"ಇಷ್ಟು ವರ್ಷದ ದಲ್ಲಾಳಿಕ್ಯಾಗ ಹಲ್ಲು ನೋಡದ ಸಂತಿಗೆ ಹೊಡಕೊಂಡು ಬಂದಿದ್ದು ಇವನೊಬ್ಬನ್ನ ನೋಡ್ರಿ."